ಹಳೆಯ ಲಾರಿಯಲ್ಲಿ ಒಂದೇ ಸಿಲಿಂಡರ್ ಮಿಸ್ ಹೊಡೆದಾಗ: ಹೆಡ್ ಬಿಚ್ಚುವ ಮೊದಲು ನೋಡಬೇಕಾದದ್ದು

ಸಿರುಗುಪ್ಪ, ಸಿಂಧನೂರು ಕಡೆಯ ಭತ್ತವನ್ನೋ ಸಂಡೂರಿನ ಅದಿರನ್ನೋ ಹೊತ್ತು ಬಳ್ಳಾರಿಯ ರಸ್ತೆಗಳಲ್ಲಿ ಓಡಾಡುವ ಲಾರಿಗಳ ನಡುವೆ ಹದಿನೈದು, ಇಪ್ಪತ್ತು ವರ್ಷ ದಾಟಿದ ಗಾಡಿಗಳು ಇಂದಿಗೂ ಕಾಣಸಿಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಆರು ಸಿಲಿಂಡರಿನ ಡೀಸೆಲ್ ಎಂಜಿನ್, ಮೆಕ್ಯಾನಿಕಲ್ ಡೀಸೆಲ್ ಪಂಪ್, ಮತ್ತು ಆ ಪಂಪಿನಿಂದ ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾಗಿ ಹೋಗುವ ಒಂದು ಉಕ್ಕಿನ ಪೈಪು ಹಾಗೂ ಅದರ ತುದಿಯಲ್ಲಿ ಡೀಸೆಲ್ ಸಿಂಪಡಿಸುವ ನಾಝಲ್. ಇಂಥ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಕೆಲಸ ನಿಲ್ಲಿಸಿದರೆ (ಇದನ್ನೇ ಮಿಸ್ ಹೊಡೆಯುವುದು, ಮಿಸ್ಸಿಂಗ್ ಎನ್ನುವುದು) ಲಾರಿ ನಿಂತುಬಿಡುವುದಿಲ್ಲ, ಉಳಿದ ಐದರ ಬಲದಲ್ಲಿ ಹೇಗೋ ಓಡುತ್ತದೆ. ಮಾಲೀಕರು ತಿಂಗಳುಗಟ್ಟಲೆ ಮುಂದೂಡುವುದಕ್ಕೂ, ಕೊನೆಗೊಮ್ಮೆ ಗ್ಯಾರೇಜಿಗೆ ಬಿಟ್ಟಾಗ ನೇರವಾಗಿ ಹೆಡ್ (ಸಿಲಿಂಡರ್‌ಗಳ ಮೇಲಿನ ಭಾರದ ಮುಚ್ಚಳ) ಇಳಿಸುವ ಮಾತು ಬರುವುದಕ್ಕೂ ಇದೇ ಕಾರಣ.

ಆದರೆ ಒಂದೇ ಸಿಲಿಂಡರಿನ ದೋಷವು ಪತ್ತೆಹಚ್ಚುವ ದೃಷ್ಟಿಯಿಂದ ಬಹಳ ಅನುಕೂಲಕರವಾದ ದೋಷ. ಟ್ಯಾಂಕ್, ಫೀಡ್ ಪಂಪ್, ಫಿಲ್ಟರ್, ಏರ್ ಕ್ಲೀನರ್ ಇವೆಲ್ಲ ಆರು ಸಿಲಿಂಡರ್‌ಗಳಿಗೂ ಸೇರಿದ ಭಾಗಗಳು. ಅವು ಕೆಟ್ಟರೆ ಆರೂ ಬಳಲಬೇಕು. ಒಂದೇ ಬಳಲುತ್ತಿದೆ ಎಂದಾದರೆ ತಪ್ಪು ಇರುವುದು ಆ ಒಂದಕ್ಕೆ ಮಾತ್ರ ಸೇರಿದ ಭಾಗದಲ್ಲಿ, ಅಂದರೆ ಅದರ ಪಂಪ್ ಎಲಿಮೆಂಟ್ (ಪಂಪಿನೊಳಗೆ ಆ ಸಿಲಿಂಡರಿಗೆ ಡೀಸೆಲ್ ಒತ್ತುವ ಭಾಗ), ಪೈಪು, ನಾಝಲ್, ವಾಲ್ವ್, ಪಿಸ್ಟನ್ ರಿಂಗ್ ಅಥವಾ ಗ್ಯಾಸ್ಕೆಟ್‌ನಲ್ಲಿ. ಇದಕ್ಕೆ ದುಬಾರಿ ಉಪಕರಣವೇನೂ ಬೇಕಿಲ್ಲ. ಅದೇ ಎಂಜಿನ್ನಿನಲ್ಲಿ ಸರಿಯಾಗಿ ಉರಿಯುತ್ತಿರುವ ಐದು ಸಿಲಿಂಡರ್‌ಗಳೇ ಅಳತೆಗೋಲು. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಕೆಟ್ಟದ್ದನ್ನು ಸರಿಯಿರುವುದರ ಪಕ್ಕದಲ್ಲಿಟ್ಟು ಹೋಲಿಸುವ ಕೆಲಸವೇ ಆಗಿದೆ.

ಒಂದು ಎಚ್ಚರಿಕೆಯನ್ನು ಆರಂಭದಲ್ಲೇ ಹೇಳಬೇಕು. ಇಲ್ಲಿ ವಿವರಿಸುವ ಪರೀಕ್ಷೆಗಳು ಮೆಕ್ಯಾನಿಕಲ್ ಪಂಪ್ ಇರುವ ಹಳೆಯ ಎಂಜಿನ್‌ಗಳಿಗೆ ಮಾತ್ರ. ಎಲ್ಲ ನಾಝಲ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೇಲ್ ವ್ಯವಸ್ಥೆಯ ಎಂಜಿನ್ ಚಾಲೂ ಇರುವಾಗ ನಾಝಲ್ ಪೈಪಿನ ನಟ್ ಸಡಿಲಿಸಬಾರದು. ಅಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ, ಸಣ್ಣ ಸೋರಿಕೆಯೂ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-4 ನಿಯಮ ದೇಶದಾದ್ಯಂತ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಮೊದಲಿನ ಗಾಡಿಗಳಲ್ಲೂ ಕೆಲವಕ್ಕೆ ಕಾಮನ್ ರೇಲ್ ಇರುವುದರಿಂದ, ಎಲ್ಲ ನಾಝಲ್‌ಗಳಿಗೂ ಸೇರಿದ ದಪ್ಪ ಕೊಳವೆಯೊಂದು ಎಂಜಿನ್ನಿನ ಉದ್ದಕ್ಕೂ ಇದೆಯೇ, ನಾಝಲ್‌ಗಳ ತಲೆಗೆ ವಿದ್ಯುತ್ ವೈರ್ ಹೋಗಿದೆಯೇ ಎಂಬುದನ್ನು ಕಣ್ಣಾರೆ ನೋಡಿಯೇ ಪಾನ (ಸ್ಪ್ಯಾನರ್) ಹಿಡಿಯಬೇಕು.

ಕಿವಿ ಮತ್ತು ಮೂಗು

ಎಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ನಿಧಾನ ವೇಗದಲ್ಲಿ ಬಿಟ್ಟು ಸೈಲೆನ್ಸರ್ ಕೊನೆಯ ಬಳಿ ನಿಂತು ಕೇಳಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ನಿಮಿಷಕ್ಕೆ 600 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಪಾಲು ಸೆಕೆಂಡಿಗೆ ಐದು ಬಾರಿ. ಆದ್ದರಿಂದ ಒಂದು ಸಿಲಿಂಡರ್ ಪೂರ್ತಿ ಸತ್ತಿದ್ದರೆ ಸದ್ದಿನಲ್ಲಿ ಬೀಳುವ ತೂತು ತಾಳಬದ್ಧವಾಗಿರುತ್ತದೆ, ಕೋಲಾಟದ ಸುತ್ತಿನಲ್ಲಿ ಒಬ್ಬನೇ ಪ್ರತಿ ಸಲವೂ ಕೋಲು ತಪ್ಪಿಸಿದಂತೆ. ತೂತು ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಬಿದ್ದು, ನಡುವೆ ಎಂಜಿನ್ ತಾನಾಗಿ ಏರಿಳಿಯುತ್ತಿದ್ದರೆ ಅದು ಒಂದು ಸಿಲಿಂಡರಿನ ದೋಷವಲ್ಲ. ಡೀಸೆಲ್ ಲೈನಿಗೆ ಏರ್ ಹಿಡಿದಿರುವುದು, ಫಿಲ್ಟರ್ ಕಟ್ಟಿರುವುದು, ಡೀಸೆಲ್‌ನಲ್ಲಿ ನೀರು ಸೇರಿರುವುದು ಇಂಥ ಸಾಮಾನ್ಯ ಕಾರಣಗಳನ್ನು ಮೊದಲು ನೋಡಬೇಕು.

ಹೊಗೆಯೂ ಮಾತನಾಡುತ್ತದೆ. ಕಣ್ಣುರಿಸುವ, ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ ಎಂದರ್ಥ. ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತಿ ಹಿಡಿಯುವ ಒತ್ತಡ, ಕಡಿಮೆಯಾಗಿರಬಹುದು ಅಥವಾ ನಾಝಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರಬಹುದು. ಕಪ್ಪು ಹೊಗೆ ಹೆಚ್ಚಿನ ಡೀಸೆಲ್ ಅಥವಾ ಕಡಿಮೆ ಗಾಳಿಯ ಗುರುತು, ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಕೂಲಂಟಿನ ಸಿಹಿ ವಾಸನೆಯ ಬಿಳಿ ಆವಿ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆಗೆ ಗಮನ ಹರಿಸಬೇಕು. ಮಿಸ್ಸಿಂಗ್ ಸ್ಪಷ್ಟವಾಗಿದ್ದು ಹೊಗೆಯೇ ಇಲ್ಲದಿದ್ದರೆ ಆ ಸಿಲಿಂಡರಿಗೆ ಡೀಸೆಲ್ಲೇ ಹೋಗುತ್ತಿಲ್ಲವೆಂಬ ಅನುಮಾನ ಬಲವಾಗುತ್ತದೆ.

ಇದೇ ಹೊತ್ತಿನಲ್ಲಿ ಡಿಪ್‌ಸ್ಟಿಕ್ ಎಳೆದು ನೋಡುವುದನ್ನು ಮರೆಯಬಾರದು. ಉರಿಯದ ಡೀಸೆಲ್ ಲೈನರ್ (ಸಿಲಿಂಡರಿನ ಒಳಕವಚ) ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಆಯಿಲ್ ಮಟ್ಟ ಹಾಕಿದ್ದಕ್ಕಿಂತ ಏರಿದ್ದರೆ, ಬೆರಳಿಗೆ ನೀರಾಗಿ ಹತ್ತಿ ಡೀಸೆಲ್ ವಾಸನೆ ಬಂದರೆ, ಲೋಡ್ ಹಾಕಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ನೀರಾದ ಆಯಿಲ್‌ನಿಂದ ಬೇರಿಂಗ್‌ಗಳು ಹೋದ ಮೇಲೆ ಖರ್ಚಿನ ಲೆಕ್ಕವೇ ಬೇರೆಯಾಗುತ್ತದೆ.

ಪೈಪು ಸಡಿಲಿಸುವ ಪರೀಕ್ಷೆ

ಯಾವ ಸಿಲಿಂಡರ್ ಎಂಬುದನ್ನು ಹಿಡಿಯುವ ಪರೀಕ್ಷೆ ಇದು. ಇದರಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ತಪ್ಪು ಸಿಲಿಂಡರಿನ ಮೇಲೆ ನಡೆಯುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ಗೆ ತಂದು, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಕ್ಯಾಬಿನ್ ಮೇಲೆತ್ತುವ ಮಾದರಿಯಾದರೆ ಅದರ ಲಾಕ್ ಕೂತಿದೆಯೇ ಎಂದು ಎರಡು ಸಲ ನೋಡಬೇಕು. ನಾಝಲ್‌ಗಳ ಸುತ್ತ ಕೂತ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಹಾರಿಸಿ, ಡೀಸೆಲ್ ಅದ್ದಿದ ಬ್ರಷ್‌ನಿಂದ ಒರೆಸಬೇಕು. ಅದಿರು ಹೊತ್ತ ಗಾಡಿಯಾದರೆ ಈ ಕೆಲಸಕ್ಕೆ ಅರ್ಧ ಗಂಟೆ ಹಿಡಿದರೂ ಬೇಸರಿಸಬಾರದು. ಅದಿರಿನ ಕೆಂಪು ಧೂಳು ಅತಿ ನಯವಾದದ್ದು, ಗಡಸಾದದ್ದು, ಅದರ ಒಂದು ಚಿಟಿಕೆ ಪೈಪಿನೊಳಗೆ ಬಿದ್ದರೆ ಸರಿಯಿದ್ದ ನಾಝಲ್ಲೂ ಕೆಡುತ್ತದೆ. ಕನ್ನಡಕ, ದಪ್ಪ ಕೈಗವಸು ಹಾಕಿಕೊಳ್ಳಬೇಕು. ಬೀಡಿ, ಸಿಗರೇಟು ಆ ಕಡೆ ಸುಳಿಯಬಾರದು.

ಎಂಜಿನ್ ಚಾಲೂ ಮಾಡಿ, ನಿಧಾನ ವೇಗಕ್ಕಿಂತ ಒಂದಿಷ್ಟು ಮೇಲೆ ನಿಲ್ಲಿಸಬೇಕು. ರೇಡಿಯೇಟರ್ ಕಡೆಯಿಂದ ಎಣಿಸಿದರೆ ಸಾಮಾನ್ಯವಾಗಿ ಮೊದಲನೆಯದೇ ಒಂದನೇ ಸಿಲಿಂಡರ್. ಅದರ ನಾಝಲ್ ತುದಿಯ ಪೈಪ್ ನಟ್ಟನ್ನು ಬಟ್ಟೆಯಿಂದ ಸುತ್ತಿ, 17 ಅಥವಾ 19 ನಂಬರಿನ ಪಾನದಿಂದ ಅರ್ಧ ಸುತ್ತಿನಷ್ಟು ಮಾತ್ರ ಸಡಿಲಿಸಬೇಕು. ಒತ್ತಡ ಹೊರಗೆ ಸೋರಿದ ಕೂಡಲೇ ಆ ನಾಝಲ್ ತೆರೆದುಕೊಳ್ಳುವುದು ನಿಲ್ಲುತ್ತದೆ, ಅಂದರೆ ಆ ಸಿಲಿಂಡರನ್ನು ನಾವೇ ಬಂದ್ ಮಾಡಿದಂತಾಗುತ್ತದೆ. ಅದು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಎಂಜಿನ್ ವೇಗ ಕುಸಿದು ನಡುಕ ಹೆಚ್ಚುತ್ತದೆ. ನಟ್ ಬಿಗಿದು, ವೇಗ ಮೊದಲಿನ ಮಟ್ಟಕ್ಕೆ ಬಂದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಹೀಗೆ ಆರನ್ನೂ ನೋಡುವಾಗ ಯಾವ ನಟ್ ಸಡಿಲಿಸಿದಾಗ ಸದ್ದಿನಲ್ಲಿ ಏನೂ ಬದಲಾವಣೆ ಆಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಪೂರ್ತಿ ಸಾಯದೆ ದುರ್ಬಲವಾಗಿರುವ ಸಿಲಿಂಡರ್ ಆದರೆ ವೇಗ ಕುಸಿಯುತ್ತದೆ, ಆದರೆ ಉಳಿದವುಗಳಷ್ಟು ಕುಸಿಯುವುದಿಲ್ಲ. ಇದನ್ನು ತಿಳಿಯಲು ಪ್ರತಿಯೊಂದಕ್ಕೂ "ಹೆಚ್ಚು, ಸ್ವಲ್ಪ, ಇಲ್ಲ" ಎಂದು ಸೀಮೆಸುಣ್ಣದಿಂದ ಬರೆದುಕೊಳ್ಳುವುದು ಲೇಸು. ಆರನ್ನೂ ನೋಡದೆ ನಡುವೆ ನಿಲ್ಲಿಸಬಾರದು. ಆರರಲ್ಲೂ ವೇಗ ಸಮನಾಗಿ ಕುಸಿದರೆ ಎಂಜಿನ್ ಮಿಸ್ ಹೊಡೆಯುತ್ತಲೇ ಇಲ್ಲ. ಹರಿದ ಎಂಜಿನ್ ಮೌಂಟಿಂಗ್ ರಬ್ಬರ್ ಕೂಡ ಇಂಥದೇ ನಡುಕ ಕೊಡುತ್ತದೆ.

ಇದೇ ಪರೀಕ್ಷೆಯಲ್ಲಿ ಇನ್ನೆರಡು ಸಂಗತಿಗಳು ತಿಳಿಯುತ್ತವೆ. ಎಂಜಿನ್ನಿನಲ್ಲಿ ಬಡಿತದ ಸದ್ದಿದ್ದು ಒಂದು ನಟ್ ಸಡಿಲಿಸಿದೊಡನೆ ಅದು ಮಾಯವಾದರೆ, ಆ ಸಿಲಿಂಡರಿನ ನಾಝಲ್ ಅಂಟಿಕೊಂಡಿದೆ ಅಥವಾ ಅದರ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದಿದೆ. ಇನ್ನೊಂದು, ಟ್ಯಾಂಕ್ ಒಮ್ಮೆ ಖಾಲಿಯಾಗಿ ನಿಂತ ಗಾಡಿಯಲ್ಲಿ ಒಂದೇ ಪೈಪಿನಲ್ಲಿ ಏರ್ ಉಳಿದುಕೊಂಡು ಆ ಸಿಲಿಂಡರ್ ಮಾತ್ರ ಸುಮ್ಮನಿರಬಹುದು. ನಟ್ ಸಡಿಲಿಸಿ ಗುಳ್ಳೆ ಹೊರಬಿದ್ದ ಮೇಲೆ ಬಿಗಿದರೆ ಸಿಲಿಂಡರ್ ಮತ್ತೆ ಎದ್ದುಕೊಳ್ಳುತ್ತದೆ. ಅಷ್ಟಕ್ಕೇ ಕೆಲಸ ಮುಗಿದರೆ ಅದೃಷ್ಟ.

ನಟ್ಟಿನ ಬಳಿ ಬರಿಗೈ ಇಟ್ಟು ಡೀಸೆಲ್ ಬರುತ್ತಿದೆಯೇ ಎಂದು ನೋಡುವ ಅಭ್ಯಾಸವನ್ನು ಖಂಡಿತ ಬಿಡಬೇಕು. ಹಳೆಯ ಪಂಪಿನ ಒತ್ತಡವೂ ನೂರಾರು ಬಾರ್ ಇರುತ್ತದೆ. ಚರ್ಮದೊಳಗೆ ನುಗ್ಗಿದ ಡೀಸೆಲ್ ಮೇಲ್ನೋಟಕ್ಕೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲು ಇರುವುದಿಲ್ಲ, ಆದರೆ ಒಳಗಿನ ಮಾಂಸ ಕೊಳೆಯುತ್ತ ಹೋಗಿ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಅಂಥದ್ದು ಆದರೆ ಮನೆಮದ್ದಿಗೆ ಕಾಯದೆ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಆ ಗಂಟೆಯಲ್ಲೇ ಹೋಗಬೇಕು.

ಪಾನ ಮುಟ್ಟಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿಯಿದೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನನ್ನು ಬೆಳಿಗ್ಗೆ ಚಾಲೂ ಮಾಡಿ, ಒಂದೆರಡು ನಿಮಿಷದಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಆರು ಕೊಂಬೆಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅಳೆಯಬೇಕು. ಉರಿಯದ ಸಿಲಿಂಡರಿನ ಕೊಂಬೆ ಮಿಕ್ಕವುಗಳಿಗಿಂತ ಎದ್ದು ಕಾಣುವಷ್ಟು ತಣ್ಣಗಿರುತ್ತದೆ. ಕೆಂಪಗೆ ಕಾದ ಮ್ಯಾನಿಫೋಲ್ಡಿಗೆ ನೀರು ಚಿಮುಕಿಸಿ ನೋಡುವವರೂ ಇದ್ದಾರೆ. ಬೀಡು ಕಬ್ಬಿಣ ಬಿರುಕು ಬಿಡುವುದರಿಂದ ಅದು ಬೇಡ.

ಡೀಸೆಲ್ ಬರುತ್ತಿದೆಯೇ, ನಾಝಲ್ ಸರಿಯಿದೆಯೇ

ಸಿಲಿಂಡರ್ ಯಾವುದೆಂದು ಗೊತ್ತಾದ ಮೇಲೆ, ಸಡಿಲಿಸಿದ ಆ ನಟ್ಟಿನ ಸುತ್ತಲಿನ ಬಟ್ಟೆಯನ್ನು ಗಮನಿಸಬೇಕು. ಪಕ್ಕದ ಸಿಲಿಂಡರಿನಂತೆಯೇ ಬಟ್ಟೆ ಬೇಗ ತೊಯ್ದರೆ ಪಂಪಿನಿಂದ ಡೀಸೆಲ್ ಬರುತ್ತಿದೆ. ಒಣಗಿದಂತೆಯೇ ಇದ್ದರೆ ದೋಷ ಪಂಪಿನಲ್ಲಿ ಅಥವಾ ಪೈಪಿನಲ್ಲಿದೆ. ಎಂಜಿನ್ ನಿಲ್ಲಿಸಿ ಪೈಪು ಬಿಚ್ಚಿ ಗಾಳಿ ಊದಿ, ಜಜ್ಜಿಹೋಗಿದೆಯೇ ಕಟ್ಟಿದೆಯೇ ಎಂದು ನೋಡಿದರೆ ಉಳಿಯುವುದು ಪಂಪಿನ ಎಲಿಮೆಂಟ್, ಅದರ ಸ್ಪ್ರಿಂಗ್ ಅಥವಾ ಡೆಲಿವರಿ ವಾಲ್ವ್. ಸಾಲಾಗಿ ಆರು ಎಲಿಮೆಂಟ್ ಇರುವ ಇನ್‌ಲೈನ್ ಪಂಪಿನಲ್ಲಿ ಒಂದು ಎಲಿಮೆಂಟ್ ಮಾತ್ರ ಕೆಡುವುದು ಸಾಧ್ಯ. ರೋಟರಿ ಪಂಪಿನಲ್ಲಿ ಒಂದೇ ಪ್ಲಂಜರ್ ಎಲ್ಲ ಸಿಲಿಂಡರ್‌ಗಳಿಗೂ ಹಂಚುವುದರಿಂದ, ಅಲ್ಲಿ ಒಂದು ಸಿಲಿಂಡರ್ ಮಾತ್ರ ಒಣಗಿದ್ದರೆ ಪ್ಲಂಜರ್ ಮೇಲಿನ ಅನುಮಾನ ಕಡಿಮೆಯಾಗಿ ಆ ದಾರಿಯ ಡೆಲಿವರಿ ವಾಲ್ವ್ ಮೇಲೆ ಹೆಚ್ಚುತ್ತದೆ. ಏನೇ ಇದ್ದರೂ ಪಂಪಿನ ಸೀಲ್ ಒಡೆದು ಸ್ಕ್ರೂ ತಿರುವುವುದು ರಸ್ತೆ ಬದಿಯ ಕೆಲಸವಲ್ಲ. ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ಅಂಗಡಿಯಲ್ಲಿ ಆರೂ ದಾರಿಗಳ ಪ್ರಮಾಣವನ್ನು ಅಳೆದು ಸಮ ಮಾಡಿಸಬೇಕು.

ಡೀಸೆಲ್ ಸರಿಯಾಗಿ ಬರುತ್ತಿದ್ದರೆ ಮುಂದಿನ ಅನುಮಾನ ನಾಝಲ್. ಇಲ್ಲಿ ಹೊಸ ನಾಝಲ್ ಕೊಳ್ಳುವುದಕ್ಕೆ ಮೊದಲು ಅದಲುಬದಲು ಮಾಡಿ ನೋಡಬೇಕು. ಉದಾಹರಣೆಗೆ ನಾಲ್ಕನೆಯದು ಸತ್ತಿದ್ದರೆ, ನಾಲ್ಕರ ನಾಝಲನ್ನು ಮೂರಕ್ಕೂ ಮೂರರದ್ದನ್ನು ನಾಲ್ಕಕ್ಕೂ ಕೂರಿಸಿ, ಮತ್ತೆ ಪೈಪು ಸಡಿಲಿಸುವ ಪರೀಕ್ಷೆ ಮಾಡಬೇಕು. ಈಗ ಮೂರನೆಯದು ಸತ್ತು ನಾಲ್ಕು ಎದ್ದುಕೊಂಡರೆ ತಪ್ಪು ನಾಝಲ್ಲಿನದು, ಬೇರೆ ಪುರಾವೆ ಬೇಕಿಲ್ಲ. ನಾಲ್ಕೇ ಸತ್ತಿದ್ದರೆ ನಾಝಲ್ ನಿರ್ದೋಷಿ, ದೋಷ ಎಂಜಿನ್ನಿನ ಒಳಗಿದೆ. ಈ ಒಂದು ಹೆಜ್ಜೆಯನ್ನು ಬಿಟ್ಟು ಆರೂ ನಾಝಲ್ ಬದಲಿಸಿದ ಮೇಲೂ ಮಿಸ್ಸಿಂಗ್ ಹಾಗೆಯೇ ಉಳಿದು ತಲೆಯ ಮೇಲೆ ಕೈ ಹೊತ್ತವರು ಕಡಿಮೆಯಿಲ್ಲ.

ನಾಝಲ್ ತೆಗೆಯುವಾಗ ಅದರ ಕೆಳಗಿನ ತಾಮ್ರದ ವಾಷರ್ ಜೊತೆಗೆ ಬಂದಿದೆಯೇ ಎಂದು ನೋಡಲೇಬೇಕು. ಹಳೆಯ ವಾಷರ್ ಗುಂಡಿಯಲ್ಲೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದೊಂದನ್ನು ಹಾಕಿ ಬಿಗಿದರೆ ನಾಝಲ್ ತುದಿ ತನ್ನ ಜಾಗಕ್ಕಿಂತ ಮೇಲೆ ಕೂರುತ್ತದೆ, ಸಿಂಪರಣೆ ತಪ್ಪು ಕಡೆ ಬೀಳುತ್ತದೆ, ಇಲ್ಲದ ದೋಷವನ್ನು ನಾವೇ ಹುಟ್ಟಿಸಿದಂತಾಗುತ್ತದೆ. ವಾಷರ್ ಪ್ರತಿ ಸಲವೂ ಹೊಸದಿರಲಿ, ದಪ್ಪ ಮಾತ್ರ ಮೊದಲಿನಷ್ಟೇ ಇರಲಿ. ಎರಡು ಬೋಲ್ಟ್‌ಗಳ ಕ್ಲಾಂಪ್ ಇದ್ದರೆ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಬಿಗಿಯಬೇಕು. ಬಿಚ್ಚಿದ ಪೈಪಿನ ತುದಿಗಳಿಗೆ ಕ್ಯಾಪ್ ಅಥವಾ ಶುದ್ಧವಾದ ಪ್ಲಾಸ್ಟಿಕ್ ಕಟ್ಟಬೇಕೇ ಹೊರತು ಬನಿಯನ್ ಚಿಂದಿ ತುರುಕಬಾರದು, ಅದರ ನೂಲೇ ಮುಂದೆ ನಾಝಲ್ ತೂತಿಗೆ ಅಡ್ಡವಾಗುತ್ತದೆ.

ಕೆಟ್ಟಿದೆ ಎಂದು ಗೊತ್ತಾದ ನಾಝಲನ್ನು ಟೆಸ್ಟರ್ ಮೇಲೆ ಹಾಕಿಸಿದಾಗ ಮೂರು ಸಂಗತಿಗಳನ್ನು ನಿಂತು ನೋಡಬೇಕು: ಕಂಪನಿ ಹೇಳಿದ ಒತ್ತಡಕ್ಕೆ ಅದು ತೆರೆದುಕೊಳ್ಳುತ್ತದೆಯೇ (ಹಳೆಯ ಎಂಜಿನ್‌ಗಳಲ್ಲಿ ಇದು ಹೆಚ್ಚಾಗಿ 200ರಿಂದ 250 ಬಾರ್ ಆಸುಪಾಸಿನಲ್ಲಿರುತ್ತದೆ), ಎಲ್ಲ ತೂತುಗಳಿಂದಲೂ ಮಂಜಿನಂಥ ಸಿಂಪರಣೆ ಬರುತ್ತದೆಯೇ, ಒತ್ತಡವನ್ನು ಸ್ವಲ್ಪ ಕೆಳಗೆ ಹಿಡಿದಿಟ್ಟಾಗ ತುದಿ ಒಣಗಿರುತ್ತದೆಯೇ. ತೊಟ್ಟಿಕ್ಕುವ ನಾಝಲ್ ಬರೀ ಮಿಸ್ಸಿಂಗ್‌ಗೆ ನಿಲ್ಲುವುದಿಲ್ಲ, ದಿನ ಕಳೆದಂತೆ ಪಿಸ್ಟನ್ ತಲೆಯನ್ನೇ ಸುಟ್ಟು ತೂತು ಮಾಡುತ್ತದೆ. ಒಂದು ಕೆಟ್ಟಿದ್ದರೆ ಉಳಿದ ಐದನ್ನು ಬದಲಿಸಬೇಕಿಲ್ಲ, ಆದರೆ ಟೆಸ್ಟ್ ಮಾಡಿಸುವುದು ಒಳ್ಳೆಯದು.

ಟ್ಯಾಪೆಟ್, ಆಮೇಲೆ ಕಂಪ್ರೆಷನ್

ನಾಝಲ್ ನಿರ್ದೋಷಿ ಎಂದಾದ ಮೇಲೆಯೂ ಹೆಡ್ ಇಳಿಸುವ ಮಾತಿಗೆ ಇನ್ನೂ ಸಮಯವಿದೆ. ವಾಲ್ವ್ ಕವರ್ ತೆಗೆದರೆ ಬಾಗಿದ ಪುಶ್ ರಾಡ್, ಮುರಿದ ವಾಲ್ವ್ ಸ್ಪ್ರಿಂಗ್, ಸಡಿಲಾದ ರಾಕರ್ ಬರಿಗಣ್ಣಿಗೇ ಕಾಣುತ್ತವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಅದಿರಿನ ಲಾರಿಗಳು ಬಹಳ ಕಾಲ ನಿಂತಲ್ಲೇ ನಿಂತವು. ಯಾವುದೇ ಕಾರಣಕ್ಕೆ ಹಾಗೆ ದೀರ್ಘಕಾಲ ನಿಂತ ಎಂಜಿನ್ನಿನಲ್ಲಿ ವಾಲ್ವ್ ಕಾಂಡ ತುಕ್ಕು ಹಿಡಿದು ಗೈಡಿನಲ್ಲಿ ಸಿಕ್ಕಿಕೊಳ್ಳುವುದು ಅಪರೂಪವಲ್ಲ.

ಟ್ಯಾಪೆಟ್ ಸಂದನ್ನು, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಜಾಗವನ್ನು, ಎಂಜಿನ್ ತಣ್ಣಗಿರುವಾಗ, ಕಂಪನಿಯ ಪುಸ್ತಕದಲ್ಲಿ ಕೊಟ್ಟ ಅಳತೆಗೆ ಫೀಲರ್ ಗೇಜ್‌ನಿಂದ ನೋಡಬೇಕು. ಅಳತೆ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ: ಹಳೆಯ ಟಾಟಾ ಲಾರಿಗಳಲ್ಲಿ ಬಂದ ಆರು ಸಿಲಿಂಡರಿನ 5.9 ಲೀಟರ್ ಕಮಿನ್ಸ್ ಎಂಜಿನ್ನಿಗೆ ಇನ್‌ಲೆಟ್ 0.25 ಮಿ.ಮೀ., ಎಕ್ಸಾಸ್ಟ್ 0.51 ಮಿ.ಮೀ.; ಬೇರೆ ಎಂಜಿನ್ನಿಗೆ ಇದೇ ಅಳತೆ ಇಡಬಾರದು. ಫೈರಿಂಗ್ ಕ್ರಮ 1-5-3-6-2-4 ಇರುವ ಎಂಜಿನ್ನಿನಲ್ಲಿ ಒಂದು ಮತ್ತು ಆರು, ಐದು ಮತ್ತು ಎರಡು, ಮೂರು ಮತ್ತು ನಾಲ್ಕು ಜೋಡಿಗಳು. ಜೋಡಿಯ ಒಂದರಲ್ಲಿ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತ ಇನ್‌ಲೆಟ್ ತೆರೆಯಲು ಶುರುವಾದ ಕ್ಷಣದಲ್ಲಿ ಇನ್ನೊಂದರ ಎರಡೂ ವಾಲ್ವ್‌ಗಳು ಪೂರ್ತಿ ಮುಚ್ಚಿರುತ್ತವೆ, ಆಗ ಅದರ ಸಂದನ್ನು ಅಳೆಯಬೇಕು. ಸಂದೇ ಇಲ್ಲದಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಕೊನೆಗೆ ವಾಲ್ವ್ ಸುಡುತ್ತದೆ. ಸುಡುವ ಮೊದಲೇ ಸಿಕ್ಕರೆ ಒಂದು ಪಾನ, ಒಂದು ಸ್ಕ್ರೂ ಡ್ರೈವರ್‌ನಲ್ಲಿ ಮುಗಿಯುವ ಕೆಲಸ.

ಇಷ್ಟರಲ್ಲೂ ಸಿಗದಿದ್ದರೆ ಕಂಪ್ರೆಷನ್ ಅಳೆಯಬೇಕು. ಪೆಟ್ರೋಲ್ ಗಾಡಿಯ ಗೇಜ್ ಇದಕ್ಕೆ ನಡೆಯುವುದಿಲ್ಲ. 40 ಬಾರ್‌ವರೆಗೆ ತೋರಿಸುವ, ನಾಝಲ್ ಗುಂಡಿಯಲ್ಲಿ ಕೂರುವ ಅಡಾಪ್ಟರ್ ಇರುವ ಡೀಸೆಲ್ ಗೇಜ್ ಬೇಕು. ಬ್ಯಾಟರಿ ತುಂಬಿರಲಿ, ಏರ್ ಕ್ಲೀನರ್ ಶುದ್ಧವಾಗಿರಲಿ, ಸ್ಟಾಪರ್ ಎಳೆದು ಡೀಸೆಲ್ ಬಂದ್ ಮಾಡಿರಲಿ. ಸ್ಟಾರ್ಟರ್ ತಿರುಗಿಸಿದಾಗ ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಬಾರ್ ಬರುತ್ತದೆ, ಆದರೆ ಮುಖ್ಯವಾದದ್ದು ಅಂಕಿಯಲ್ಲ, ಅಂತರ. ಆರೂ 22 ಬಾರ್ ತೋರಿಸುವ ಸವೆದ ಎಂಜಿನ್ ಮಿಸ್ ಹೊಡೆಯದೆ ಓಡಬಹುದು. ಐದು 26 ತೋರಿಸಿ ಒಂದು 16 ತೋರಿಸಿದರೆ ಮಿಸ್ಸಿಂಗ್‌ನ ಕಾರಣ ಸಿಕ್ಕಂತೆ. ಪಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವಿನ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಪೆಟ್ರೋಲ್ ಎಂಜಿನ್ನಿನಲ್ಲಿ ಮಾಡುವಂತೆ ಸಿಲಿಂಡರಿಗೆ ಆಯಿಲ್ ಸುರಿದು ಮತ್ತೆ ಅಳೆಯುವುದು ಇಲ್ಲಿ ಅಪಾಯಕಾರಿ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ಬಹಳ ಕಡಿಮೆ, ಹೆಚ್ಚಾದ ಆಯಿಲ್ ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಲ್ಲದು.

ಅದರ ಬದಲು ಆ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿಗೆ ತಂದು, ನಾಝಲ್ ಗುಂಡಿಯ ಮೂಲಕ ಕಂಪ್ರೆಸರ್ ಗಾಳಿಯನ್ನು ನಿಧಾನವಾಗಿ ಬಿಟ್ಟು ಕೇಳಬೇಕು. ಆ ಹೊತ್ತಿನಲ್ಲಿ ಕ್ರ್ಯಾಂಕ್ ತಿರುಗಬಹುದಾದ್ದರಿಂದ ಫ್ಯಾನಿನ ಬಳಿ ಯಾರೂ ಇರಬಾರದು. ಏರ್ ಕ್ಲೀನರ್ ಕಡೆ ಸುಯ್ಯೆಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್‌ನಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು ಬಿಟ್ಟ ಹೆಡ್. ಆಯಿಲ್ ಹಾಕುವ ಬಾಯಿಯಿಂದ ಗಾಳಿ ಜೋರಾಗಿ ಬಂದರೆ ರಿಂಗ್, ಲೈನರ್ ಅಥವಾ ಪಿಸ್ಟನ್. ಮೊದಲ ಮೂರಕ್ಕೆ ಹೆಡ್ ಇಳಿಸಿದರೆ ಸಾಕು. ಕೊನೆಯದಕ್ಕೆ ಸಂಪನ್ನೂ ಇಳಿಸಿ ಪಿಸ್ಟನ್ ಹೊರತೆಗೆಯಬೇಕು. ಗ್ಯಾರೇಜಿನಲ್ಲಿ ಖರ್ಚಿನ ಮಾತುಕತೆಗೆ ಕೂರುವ ಮೊದಲು ಈ ವ್ಯತ್ಯಾಸ ಮಾಲೀಕರಿಗೆ ತಿಳಿದಿರಬೇಕು. ರಿಂಗ್ ಸವೆದಿದ್ದರೆ ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಬಿರುಕು ಬಿಟ್ಟಿದೆಯೇ ಎಂದೂ ನೋಡಬೇಕು. ಅದಿರಿನ ಧೂಳಾಗಲಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯಾಗಲಿ ಆ ಬಿರುಕಿನಿಂದ ನೇರವಾಗಿ ಒಳಗೆ ಹೋಗುತ್ತಿದ್ದರೆ ಹೊಸ ರಿಂಗೂ ಬಾಳುವುದಿಲ್ಲ.

ಯಾವ ರಿಪೇರಿ ಮಾಡಿಸಿದರೂ ಗಾಡಿ ಬಿಡಿಸಿಕೊಳ್ಳುವಾಗ ಆರು ಪೈಪುಗಳ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಆರರಲ್ಲೂ ವೇಗ ಒಂದೇ ಸಮನೆ ಕುಸಿಯುವುದನ್ನು ಕೇಳಿಸಿಕೊಳ್ಳಬೇಕು. ಡೀಸೆಲ್ ಬೆರೆತ ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್ ಬದಲಿಸಬೇಕು. ಖಾಲಿ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬಂದು, ಎಂಜಿನ್ ನಿಲ್ಲಿಸಿ, ನಾಝಲ್ ಪೈಪುಗಳ ನಟ್‌ಗಳ ಸುತ್ತ ಕಾಗದದ ತುಂಡಿನಿಂದ ಒರೆಸಿ ಸೋರಿಕೆ ಇಲ್ಲವೆಂದು ನೋಡಿಕೊಂಡ ನಂತರವೇ ಲೋಡಿಗೆ ಹಾಕಬೇಕು.